ಲಾವಂಚದ ಸೋಪು, ಇಟ್ಟಂಗಿ ಸೋಪು

ಗಡ್ಡಕ್ಕೆ ಹಚ್ಚುವ ಹಳೆಯ ಸೋಪು ಕೂಡಿಡುವವನಿಗೆ ನೆಮ್ಮದಿ ಅನ್ನುವುದೇ ಇಲ್ಲ. ಬೇರೆಯವರ ಮನೆಯಲ್ಲಿ ವರ್ಷಕ್ಕೊಂದು ಆಗುವ ಫಜೀತಿ ನನಗೆ ತಿಂಗಳಿಗೊಂದು ಆಗುತ್ತದೆ. ನಾನು ನಗಿಸುವ ಮನುಷ್ಯನೂ ಅಲ್ಲ. ಫ್ಯಾಕ್ಟರಿ ಗೇಟುಗಳ ಮುಂದೆ ನಿಂತು ಬೈಯುವುದು ಮೂವತ್ತು ವರ್ಷಗಳಿಂದ ನನ್ನ ಕಸುಬು. ಏಳನೇ ಇಯತ್ತೆಗೆ ಶಾಲೆ ಬಿಟ್ಟು ಚಿಂಚೋಳಿ ಕಡೆಯಿಂದ ಹೈದರಾಬಾದಿಗೆ ಇಟ್ಟಂಗಿ ಹೊರಲು ಬಂದವನು. ಕಾನೂನು ಕಲಿತದ್ದು ಪಟಾನ್‌ಚೆರು ಬಸ್ಸಿನಲ್ಲಿ, ನಿಂತುಕೊಂಡು.

ಸೋಪಿನ ಹುಚ್ಚು ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಡಬ್ಬಿ ಒತ್ತಿದರೆ ಬುಸ್ ಎಂದು ಬರುವ ನೊರೆ ನೊರೆಯಲ್ಲ. ಅದು ಮಾಲೀಕರ ಭರವಸೆ ಇದ್ದಂತೆ: ನೋಡಲು ಬೆಟ್ಟ, ಒರೆಸಿದರೆ ಗಾಳಿ. ನನಗೆ ಬೇಕಾದದ್ದು ಬ್ರಷ್ಷು ತಿರುವಿ, ಮುಂಗೈ ನೋಯಿಸಿಕೊಂಡು, ದುಡಿದು ಎಬ್ಬಿಸಿದ ನೊರೆ. ಅಂಥ ಸೋಪು ಮಾಡುತ್ತಿದ್ದ ಕಂಪನಿಗಳು ಮುಚ್ಚಿಹೋಗಿ ಬಹಳ ಕಾಲವಾಯಿತು. ಅವುಗಳ ಸೋಪು ಮಾತ್ರ ಮರದ ಬಟ್ಟಲಲ್ಲಿ, ತಗಡಿನ ಡಬ್ಬಿಯಲ್ಲಿ ಅಲ್ಲಲ್ಲಿ ಉಳಿದಿವೆ. ನನ್ನ ಹತ್ತಿರ ನಲವತ್ತೊಂದು ಇವೆ.

ಈಗ ಹೇಳುವುದೆಲ್ಲ ನಡೆದದ್ದು ಒಂದು ಔಷಧ ಫ್ಯಾಕ್ಟರಿಯ ಪೌಡರ್ ಸೆಕ್ಷನ್ನಿನ ಜಗಳದ ಕಾಲಕ್ಕೆ. ಅಲ್ಲಿ ನಲವತ್ತು ಜನ; ಹೆಚ್ಚಿನವರು ನಮ್ಮ ಕಡೆಯವರೇ. ಮಾತ್ರೆಗೆ ಹೋಗುವ ಹಳದಿ ಪುಡಿಯನ್ನು ಒಣಗಿಸಿ ಜರಡಿ ಹಿಡಿಯುವುದು ಅವರ ಕೆಲಸ. ಆ ಪುಡಿ ಬೇವಿಗಿಂತ ಕಹಿ, ಬರೀ ನೀರಿಗೆ ಬಿಡುವುದಿಲ್ಲ. ಕಂಪನಿ ಕೊಡುತ್ತಿದ್ದ ಕಂದು ಸೋಪನ್ನು ಉಜ್ಜಿದರೆ ಕೈ ಸವೆಯುತ್ತಿತ್ತೇ ಹೊರತು ಸೋಪು ಸವೆಯುತ್ತಿರಲಿಲ್ಲ. ಅದಕ್ಕೆ ಎಲ್ಲರೂ ಇಟ್ಟಂಗಿ ಎಂದು ಹೆಸರಿಟ್ಟಿದ್ದರು. ಒಂದು ದಿನ ಅವರಲ್ಲೊಬ್ಬ, ಸೇಡಂ ಕಡೆಯವನು, ನನ್ನ ಹತ್ತಿರ ಬಂದ.

"ಅಣ್ಣಾರೀ, ನನ್ನ ಮಗಳಿಗೆ ಮೂರು ವರ್ಸ. ನನ್ನ ಕೈಯಿಂದ ಒಂದು ತುತ್ತು ತಿನ್ನಂಗಿಲ್ರಿ. ಅಪ್ಪನ ಕೈ ಕಹಿ ಐತಿ ಅಂತಾಳ."

ನಾನು ಬೇಡಿಕೆ ಪತ್ರದಲ್ಲಿ ಒಂದೇ ಸಾಲು ಬರೆದೆ: ನೊರೆ ಬರುವ ಸೋಪು, ತಿಂಗಳಿಗೆ ತಲೆಗೊಂದು, ಜೊತೆಗೆ ಬಿಸಿನೀರು.

೧. ನಿಜಾಮರ ಸೋಪು

ಭಾನುವಾರದ ಹಳೆ ಸಾಮಾನಿನ ಸಂತೆಯಲ್ಲಿ ನನಗೆ ಸೋಪು ಹುಡುಕಿ ಇಡುವ ಒಬ್ಬ ಮುದುಕ ಇದ್ದಾನೆ. ಆ ವಾರ ನಾನು ಹೋದ ಕೂಡಲೇ ಒಂದು ಬೂದು ಬಿಲ್ಲೆಯನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸಿದ.

"ಲೀಡರ್ ಸಾಬ್, ಯೇ ನಿಜಾಮ್ ಸರ್ಕಾರ್ ಕಾ ಸಾಬುನ್! ಅವರ ಹಜಾಮನ ಮನೆಯಿಂದ ಬಂದದ್ದು."

"ಹೋದ ವಾರ ಒಡಕು ಫ್ಯಾನು ತೋರಿಸಿ ಅದೂ ನಿಜಾಮರದ್ದೇ ಅಂದೆ."

"ಸೆಖೆ ಅವರಿಗೂ ಆಗ್ತಿತ್ತಲ್ಲ ಸಾಬ್."

ಈ ಊರಿನಲ್ಲಿ ಮುರಿದದ್ದೆಲ್ಲ ನಿಜಾಮರದ್ದು, ಮುರಿಯದಿದ್ದದ್ದು ಮಾರಾಟಕ್ಕಿಲ್ಲ ಎಂದು ಗೊತ್ತಿದ್ದೂ ಕೊಂಡೆ. ಮರುದಿನ ಬೆಳಿಗ್ಗೆ ಬ್ರಷ್ಷು ಆಡಿಸಿದೆ. ನೊರೆ ಬರಲಿಲ್ಲ, ಬೂದು ಕೆಸರು ಬಂತು. ಹಳೆಯದಲ್ಲವೇ, ತಾಳ್ಮೆ ಬೇಕು ಎಂದುಕೊಂಡು ಕೆಸರನ್ನೇ ಮುಖಕ್ಕೆ ಬಳಿದು ತಿಕ್ಕಿದೆ. ಉರಿಯತೊಡಗಿತು. ತೊಳೆದುಕೊಂಡು ಹೊರಗೆ ಬಂದರೆ ಹೆಂಡತಿ ನನ್ನನ್ನೇ ನೋಡುತ್ತ ನಿಂತಳು.

"ಏನು ಹಚ್ಚಿಕೊಂಡ್ರಿ? ದೇವರ ಮುಂದಿನ ಸಮಯಿ ದೀಪ ಹೊಳದಂಗ ಹೊಳಿಯಾಕತ್ತೀರಿ."

ಅವಳೇ ಆ ಬಿಲ್ಲೆಯನ್ನು ಮೂಸಿ ನೋಡಿ ಹೇಳಿದಳು: ಅದು ಹಿತ್ತಾಳೆ ಪಾತ್ರೆ ತಿಕ್ಕುವ ಪಾಲಿಶ್.

ಮುಂದಿನ ಭಾನುವಾರ ಹೋಗಿ ಹದಿನೈದು ನಿಮಿಷ ಭಾಷಣ ಮಾಡಿದೆ. ಗ್ರಾಹಕರ ಹಕ್ಕು, ವ್ಯಾಪಾರದ ನೀತಿ, ಎಲ್ಲ ಹೇಳಿದೆ. ಮುದುಕ ಪೂರ್ತಿ ಕೇಳಿ, ನನ್ನ ಗದ್ದ ಹಿಡಿದು ಬಿಸಿಲಿನ ಕಡೆ ತಿರುಗಿಸಿ, "ಚಮಕ್ ತೋ ಆಯಾ ನಾ? ಹೊಳಪು ಬಂತಲ್ಲ?" ಅಂದ.

ಆಮೇಲೆ ನನ್ನ ಮುಖ ನೋಡಿ ಅಯ್ಯೋ ಅನಿಸಿತೋ ಏನೋ, ಗೋಣಿಚೀಲದ ಅಡಿಯಿಂದ ಒಂದು ಮರದ ಬಟ್ಟಲು ತೆಗೆದ. ಒಳಗೆ ಕೆನೆ ಬಣ್ಣದ ದುಂಡನೆಯ ಸೋಪು. ಮೇಲಿನ ಅಕ್ಷರ ಸವೆದುಹೋಗಿತ್ತು. ಮೂಗಿನ ಹತ್ತಿರ ತಂದರೆ ನೀರು ಹೊಡೆದ ಲಾವಂಚದ ತಟ್ಟಿಯ ವಾಸನೆ. ಇಷ್ಟು ವರ್ಷದಲ್ಲಿ ಅಂಥದ್ದನ್ನು ನಾನು ನೋಡಿರಲಿಲ್ಲ.

"ಇದೂ ನಿಜಾಮರದ್ದೋ?"

"ನಹೀ ಸಾಬ್," ಅಂದ ಮುದುಕ. "ಇದು ಅಸಲಿ."

೨. ಗೇಟಿನ ಮುಂದಿನ ಶಪಥ

ಆ ವಾರವೇ ಪಟಾನ್‌ಚೆರುವಿನಲ್ಲಿ ಆ ಫ್ಯಾಕ್ಟರಿಯ ಗೇಟ್ ಸಭೆ. ಮಧ್ಯಾಹ್ನದ ಪಾಳಿ ಬಿಟ್ಟ ಹೊತ್ತು. ನಾನು ಒಂದು ಸ್ಟೂಲಿನ ಮೇಲೆ ನಿಂತು ಕೂಗುತ್ತಿದ್ದೆ.

"ಅಪ್ಪನ ಕೈತುತ್ತು ಕಹಿಯಾದರೆ ಯಾರು ಹೊಣೆ? ಒಂದು ಸೋಪು ಕೊಡಲಾರದ ಕಂಪನಿಯ ಎದೆಯಲ್ಲಿ ಏನಿದೆ?"

ಹಿಂದಿನಿಂದ ಒಂದು ದನಿ ಬಂತು. ಹೋದ ದೀಪಾವಳಿಗೆ ನನ್ನ ಮನೆಯ ಗೋಡೆಗೆ ಕಪಾಟು ಹೊಡೆದುಕೊಟ್ಟವನು.

"ಅಣ್ಣಾರೀ, ನಿಮ್ಮ ಮನ್ಯಾಗ ನಲವತ್ತೊಂದು ಅದಾವಲ್ರಿ. ನಾವೂ ನಲವತ್ತು ಮಂದಿ. ಹಂಚಿದ್ರ ನಿಮಗೂ ಒಂದು ಉಳೀತದ."

ಎಲ್ಲರೂ ನಕ್ಕರು. ಗೇಟಿನ ವಾಚ್‌ಮನ್ ಕೂಡ ನಕ್ಕ. ಅವನು ಕಂಪನಿಯ ಮನುಷ್ಯ, ನಗುವ ಹಕ್ಕು ಅವನಿಗಿರಲಿಲ್ಲ. ನಾನು ಹಂಚಿದರೆ ಕಂಪನಿ ಹೊಣೆಯಿಂದ ಜಾರಿಕೊಳ್ಳುತ್ತದೆ ಎಂದು ಹೇಳಬಹುದಿತ್ತು. ಅದು ನಿಜವೂ ಹೌದು. ಹಂಚಲು ನನಗೆ ಮನಸ್ಸಿರಲಿಲ್ಲ ಎಂಬುದು ಅದಕ್ಕಿಂತ ನಿಜ. ಅದು ನನಗೇ ಗೊತ್ತಿದ್ದರಿಂದ ಸಿಟ್ಟು ಬಂತು. ಸಿಟ್ಟಿನಲ್ಲಿ ಕೈಯೆತ್ತಿ ಹೇಳಿಬಿಟ್ಟೆ:

"ಕಂಪನಿ ನೊರೆ ಬರುವ ಸೋಪು ಕೊಡುವವರೆಗೆ ನಾನು ಗಡ್ಡ ತೆಗೆಯುವುದಿಲ್ಲ! ತೆಗೆದರೆ ಕಂಪನಿ ಕೊಟ್ಟ ಸೋಪಿನಿಂದಲೇ, ಇದೇ ಗೇಟಿನ ಮುಂದೆ!"

ಚಪ್ಪಾಳೆ ಬಿತ್ತು. ಬಸ್ಸಿನಲ್ಲಿ ಮನೆಗೆ ಬರುವಾಗ ದಾರಿಯುದ್ದಕ್ಕೂ ಲಾವಂಚದ ಸೋಪು ನೆನಪಾಯಿತು. ಅದನ್ನು ಒಮ್ಮೆಯೂ ಹಚ್ಚಿರಲಿಲ್ಲ. ಮನೆಯಲ್ಲಿ ವಿಷಯ ಹೇಳಿದಾಗ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

"ಊಟ ಬಿಡ್ತೀನಿ ಅನ್ನಬೇಕಿತ್ತು," ಅಂದಳು. "ಅದು ಎರಡು ದಿನದಾಗ ಮುಗೀತಿತ್ತು."

೩. ನೊರೆ ಎಬ್ಬಿಸಿ ಚೆಲ್ಲುವುದು

ಮೂರು ತಿಂಗಳಾದರೂ ಕಂಪನಿ ಅಲುಗಲಿಲ್ಲ. ಗಡ್ಡ ಮಾತ್ರ ಬೆಳೆಯಿತು. ಗಡ್ಡ ತೆಗೆಯದೆ ಇರಬಲ್ಲೆ, ಬೆಳಿಗ್ಗೆ ಬ್ರಷ್ಷು ಹಿಡಿಯದೆ ಇರಲಾರೆ ಎಂಬುದು ನನಗೆ ತಿಳಿದದ್ದು ಆಗಲೇ. ನೊರೆ ಎಬ್ಬಿಸುವುದಿಲ್ಲ ಎಂದು ನಾನು ಶಪಥ ಮಾಡಿರಲಿಲ್ಲವಷ್ಟೆ. ದಿನಾ ಒಂದು ಸೋಪು ತೆಗೆದು, ಮನೆ ಮುಂದಿನ ಗ್ಯಾಲರಿಯಲ್ಲಿ ಕೂತು, ಹತ್ತು ನಿಮಿಷ ನೊರೆ ಎಬ್ಬಿಸಿ, ನೋಡಿ, ಮೂಸಿ, ಚೆಲ್ಲುತ್ತಿದ್ದೆ. ಲಾವಂಚದ್ದನ್ನು ಮಾತ್ರ ಮುಟ್ಟಲಿಲ್ಲ. ಅದು ಗೆದ್ದ ಮರುದಿನಕ್ಕೆ ಎಂದು ಎತ್ತಿಟ್ಟಿದ್ದೆ.

"ಇಷ್ಟು ನೊರಿ ದಂಡ ಮಾಡ್ತೀರಲ್ಲ," ಎಂದು ಹೆಂಡತಿ ಮೊದಲು ತನ್ನ ಕಾಲ್ಗೆಜ್ಜೆ ತಂದು ಅದರಲ್ಲಿ ಅದ್ದಿದಳು. ಮರುವಾರ ಸ್ವೆಟರ್ ತಂದಳು. ಕಡೆಗೆ ನೊರೆ ಸಾಲದು, ಇನ್ನೂ ಸ್ವಲ್ಪ ಎಬ್ಬಿಸ್ರಿ ಎನ್ನತೊಡಗಿದಳು.

ಎದುರು ಮನೆಗೆ ಆಗಷ್ಟೇ ಮೈಸೂರಿನ ಕಡೆಯ ಒಬ್ಬ ಹುಡುಗಿ ಬಾಡಿಗೆಗೆ ಬಂದಿದ್ದಳು. ಕಂಪ್ಯೂಟರ್ ಕೆಲಸದವಳು, ಮನೆಯಿಂದಲೇ ಕೆಲಸ. ದಿನಾ ಬೆಳಿಗ್ಗೆ ಅವಳ ಕಿಟಕಿಯ ಎದುರು, ಮುಖದ ತುಂಬ ಗಡ್ಡ ಬಿಟ್ಟ ಮನುಷ್ಯನೊಬ್ಬ ಗಡ್ಡದ ನೊರೆ ಎಬ್ಬಿಸಿ, ಅದನ್ನು ದಿಟ್ಟಿಸಿ ನೋಡಿ, ಹೆಂಡತಿಯ ಸ್ವೆಟರಿನ ಮೇಲೆ ಸುರಿಯುತ್ತಿದ್ದ. ಎರಡು ವಾರ ಸುಮ್ಮನಿದ್ದು, ಒಂದು ದಿನ ಮೆಟ್ಟಿಲ ಹತ್ತಿರ ಹೆಂಡತಿಯನ್ನು ತಡೆದು ಮೆಲ್ಲಗೆ ಕೇಳಿದಳು.

"ಆಂಟಿ, ತಪ್ಪು ತಿಳ್ಕೋಬೇಡಿ. ಅಂಕಲ್‌ಗೆ ಹುಷಾರಿಲ್ವಾ?"

"ಹಂಗೇನಿಲ್ಲವಾ," ಅಂದಳಂತೆ ಹೆಂಡತಿ. "ಚಳವಳಿ ಮಾಡಾಕತ್ತಾರ."

೪. ಮೇಲಿನ ಕಡೆ, ಕೆಳಗಿನ ಕಡೆ

ನನ್ನ ಸೋಪುಗಳ ಬಟ್ಟಲು, ಡಬ್ಬಿಗಳು ಮಾತ್ರ ಕಪಾಟಿನಲ್ಲಿರುತ್ತವೆ. ಸೋಪುಗಳನ್ನು ಹೆಂಡತಿ ಒಂದೊಂದಾಗಿ ಹಳೆಯ ಪೇಪರಿನಲ್ಲಿ ಸುತ್ತಿ ಟ್ರಂಕಿನಲ್ಲಿ ಬಟ್ಟೆಗಳ ನಡುವೆ ಇಡುತ್ತಾಳೆ. ನುಸಿ ಬರುವುದಿಲ್ಲ ಎಂಬುದು ಅವಳ ಲೆಕ್ಕ. ಪೌಡರ್ ಸೆಕ್ಷನ್ನಿನಿಂದ ಸಾಕ್ಷಿಗೆಂದು ತಂದ ಒಂದು ಇಟ್ಟಂಗಿ ಸೋಪನ್ನೂ ಹಾಗೇ ಸುತ್ತಿ ಅಲ್ಲೇ ಇಟ್ಟಿದ್ದಳು. ಟ್ರಂಕಿನಿಂದ ನನ್ನ ಅಂಗಿ ತೆಗೆದರೆ ಮದುವೆ ಮನೆಯ ವಾಸನೆ ಬರುತ್ತದೆ.

ಐದನೇ ತಿಂಗಳು ಬೇಗಂಪೇಟೆಯಲ್ಲಿ ಕಂಪನಿಯ ದೊಡ್ಡ ಆಫೀಸಿನ ಮೆಟ್ಟಿಲ ಮೇಲೆ ಕೂತೆವು. ಹನ್ನೊಂದು ಗಂಟೆಗೆ ಪೊಲೀಸರು ಬಂದು ಏಳಿ ಎಂದರು. ನಾನು ಏಳಲಿಲ್ಲ. ನನ್ನನ್ನು ಎತ್ತಲು ಯಾವಾಗಲೂ ನಾಲ್ಕು ಜನ ಬೇಕು. ಇಬ್ಬರು ರಟ್ಟೆಗೆ, ಇಬ್ಬರು ಕಾಲಿಗೆ. ಎತ್ತಿದರು. ನಾನು ಘೋಷಣೆ ಕೂಗುತ್ತಿದ್ದೆ. ಹತ್ತು ಹೆಜ್ಜೆ ಹೋಗುವುದರೊಳಗೆ ರಟ್ಟೆ ಹಿಡಿದವನು ನಿಂತ. ಬಗ್ಗಿ ನನ್ನ ಕಾಲರಿನ ಹತ್ತಿರ ಮೂಗು ತಂದ.

"ಕ್ಯಾ ಖುಷ್ಬೂ ಹೈ ರೇ! ಯಾವ ಅತ್ತರ್ ಸಾಬ್ ಇದು?"

"ಕಾರ್ಮಿಕರ ರಕ್ತ ಹೀರುವ ಕಂಪನಿಗೆ ಧಿಕ್ಕಾರ!" ಅಂದೆ ನಾನು.

"ಹೌದೌದು, ಧಿಕ್ಕಾರ. ಅತ್ತರ್ ಯಾವುದು?"

ಇನ್ನೊಂದು ರಟ್ಟೆಯವನೂ ಮೂಸಿದ. ಮೈಸೂರು ಚಂದನ ಅಂದ ಒಬ್ಬ, ಅಲ್ಲ ಗುಲಾಬಿ ಅಂದ ಇನ್ನೊಬ್ಬ. ನಾನು ಅವರ ನಡುವೆ ತೂಗಾಡುತ್ತಿದ್ದೆ. ವ್ಯಾನು ಇನ್ನೂ ದೂರದಲ್ಲಿತ್ತು. ಆಗ ನನ್ನ ಎಡಗಾಲು ಹಿಡಿದಿದ್ದ ಕಾನ್‌ಸ್ಟೇಬಲ್ ನೊಂದ ದನಿಯಲ್ಲಿ ಹೇಳಿದ:

"ಕೆಳಗೆ ಇಳಿಸ್ರಯ್ಯಾ. ಅದಲಾಬದಲಿ ಮಾಡೋಣ. ಪ್ರತಿ ಸಲ ಮೇಲಿನ ಕಡೆ ನಿಮಗೇ ಯಾಕೆ?"

೫. ಸಾಕ್ಷಿ

ಎಂಟನೇ ತಿಂಗಳಿಗೆ ತಕರಾರು ಒಬ್ಬ ಸರ್ಕಾರಿ ಅಧಿಕಾರಿಯ ಮುಂದೆ ಬಂತು. ಕಚೇರಿ ನಾಂಪಲ್ಲಿಯಲ್ಲಿ. ಬೆಳಿಗ್ಗೆ ಟ್ರಂಕಿನಿಂದ ಸಾಕ್ಷಿ ಸೋಪು ಕೊಡು ಎಂದೆ. ಹೆಂಡತಿ ಪೇಪರಿನ ಪೊಟ್ಟಣ ಕೊಟ್ಟಳು. ಚೀಲಕ್ಕೆ ಹಾಕಿಕೊಂಡು ಹೊರಟೆ. ಕಚೇರಿಯ ಮೆಟ್ಟಿಲ ಮೇಲೆ ಚಹಾ ಕುಡಿದು ಖಾಲಿ ಕಪ್ಪು ಕೈಯಲ್ಲಿ ಹಿಡಿದು ಕೂತಿದ್ದಾಗ, ಒಬ್ಬ ಮುದುಕಿ ಬಂದು ಕಪ್ಪಿನೊಳಗೆ ಒಂದು ನಾಣ್ಯ ಹಾಕಿದಳು.

"ಅಮ್ಮಾ, ನಾನು ಬೇಡುವವನಲ್ಲ!" ಎಂದು ತೆಲುಗಿನಲ್ಲೇ ಗದರಿಸಿದೆ. "ಕಾರ್ಮಿಕರ ಲೀಡರ್!"

"ಅಯ್ಯೋ ಪಾಪಂ," ಎಂದು ಮುದುಕಿ ಇನ್ನೊಂದು ನಾಣ್ಯ ಹಾಕಿದಳು.

ಆ ದಿನ ಶುರುವಾದದ್ದು ಹೀಗೆ. ಒಳಗೆ ಅಧಿಕಾರಿ, ಪಕ್ಕದಲ್ಲಿ ಅವರ ಗುಮಾಸ್ತ. ಗುಮಾಸ್ತ ಬೀದರಿನವನು, ಕೆನ್ನೆಯ ಮೇಲೆ ಸದಾ ನಾಲ್ಕು ದಿನದ ನರೆತ ಗಡ್ಡ. ಈ ಕಡೆ ನಾನು ಮತ್ತು ಸೇಡಮ್ಮಿನವನು, ಆ ಕಡೆ ಕಂಪನಿಯ ಮ್ಯಾನೇಜರು.

"ನಮ್ಮ ಸೋಪಿನಲ್ಲಿ ಯಾವ ದೋಷವೂ ಇಲ್ಲ ಸರ್," ಅಂದರು ಮ್ಯಾನೇಜರು. "ಇವರಿಗೆ ಜಗಳ ಬೇಕು, ಅಷ್ಟೇ."

ನಾನು ಎದ್ದು ನಿಂತೆ. ಪೊಟ್ಟಣ ಅಧಿಕಾರಿಯ ಮೇಜಿನ ಮೇಲಿಟ್ಟೆ.

"ಸಾಹೇಬರೇ, ಇದೇ ಆ ಸೋಪು. ಸಂಜೆವರೆಗೆ ತಿಕ್ಕಿಸಿ ನೋಡಿ. ಒಂದು ಗುಳ್ಳೆ ಬಂದರೆ ನಾನು ಲೀಡರಿಕೆ ಬಿಡುತ್ತೇನೆ."

ಅಧಿಕಾರಿ ಗುಮಾಸ್ತನಿಗೆ ಸನ್ನೆ ಮಾಡಿದರು. ಅವನು ಒಂದು ಮಗ್ಗು ನೀರು ತಂದು, ಪೊಟ್ಟಣ ಬಿಚ್ಚಿ, ಎರಡು ಸಲ ಉಜ್ಜಿದ.

ಕೋಣೆಯ ತುಂಬ ಲಾವಂಚದ ವಾಸನೆ ಹರಡಿತು.

ಹೆಂಡತಿ ಕೊಟ್ಟದ್ದು ಬೇರೆ ಪೊಟ್ಟಣ. ಗುಮಾಸ್ತ ಉಜ್ಜುತ್ತಲೇ ಇದ್ದ. ನೊರೆ ಬೆರಳು ತುಂಬಿತು, ಮುಂಗೈ ಮುಚ್ಚಿತು, ಮೊಣಕೈಯಿಂದ ಫೈಲಿನ ಮೇಲೆ ಉದುರಿತು. ಅವನು ಕಣ್ಣು ಮುಚ್ಚಿಕೊಂಡಿದ್ದ. ಅಧಿಕಾರಿ ನನ್ನ ಕಡೆ ನೋಡಿದರು. ಪೊಟ್ಟಣ ಅದಲುಬದಲಾಗಿದೆ ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಮ್ಯಾನೇಜರು ಕುರ್ಚಿಯಿಂದ ಜಿಗಿದು ನಿಂತರು.

"ನೋಡಿ ಸರ್, ನೋಡಿ! ಇದೇ ನಮ್ಮ ಸೋಪು! ಈ ವಾಸನೆ ನೋಡಿ! ಇಂಥ ಸೋಪು ಕೊಟ್ಟರೂ ಗೇಟಿನ ಮುಂದೆ ಬೈಯುತ್ತಾರೆ!"

ಆ ಮನುಷ್ಯ ಹನ್ನೊಂದು ವರ್ಷದಿಂದ ಅಲ್ಲಿ ಮ್ಯಾನೇಜರು. ಪೌಡರ್ ಸೆಕ್ಷನ್ನಿನ ನಲ್ಲಿಯ ಹತ್ತಿರ ಒಂದು ದಿನವೂ ಹೋದವರಲ್ಲ. ತಮ್ಮ ಸೋಪು ಯಾವ ಬಣ್ಣದ್ದು ಎಂಬುದು ಅವರಿಗೆ ಗೊತ್ತಿರಲಿಲ್ಲ.

ಸೇಡಮ್ಮಿನವನು ನನ್ನ ಕಿವಿಯ ಹತ್ತಿರ ಬಂದ. "ಅಣ್ಣಾರೀ, ಇದು ನಮ್ಮ ಇಟ್ಟಂಗಿ ಅ..." ನಾನು ಅವನ ಕಾಲು ತುಳಿದೆ.

ಮೂವತ್ತು ವರ್ಷದಲ್ಲಿ ನಾನು ನಾಲಿಗೆ ಕಚ್ಚಿ ಹಿಡಿದದ್ದು ಆಗ ಮೊದಲು. ಅದು ಎಷ್ಟು ಕಷ್ಟದ ಕೆಲಸ ಎಂಬುದೂ ಆಗಲೇ ಗೊತ್ತಾದದ್ದು. ಒಂದು ಗುಟುಕು ನೀರು ಕುಡಿದು ಕೇಳಿದೆ:

"ಮ್ಯಾನೇಜರ್ ಸಾಹೇಬರು ಖಾತ್ರಿಯಿಂದ ಹೇಳುತ್ತಾರಾ, ಇದೇ ಅವರ ಸೋಪು ಅಂತ?"

"ನೂರಕ್ಕೆ ನೂರು!"

"ಹಾಗಿದ್ದರೆ ಬರೆದು ಕೊಡಲಿ. ಇದೇ ಸೋಪು, ಇಷ್ಟೇ ನೊರೆ, ತಲೆಗೊಂದು, ಪ್ರತಿ ತಿಂಗಳು. ನನ್ನ ಆಕ್ಷೇಪಣೆ ಇಲ್ಲ."

"ಸಂತೋಷವಾಗಿ!" ಅಂದರು ಮ್ಯಾನೇಜರು. ಗೆದ್ದ ಖುಷಿಯಲ್ಲಿ ಅವರ ಪೆನ್ನು ನಿಲ್ಲುತ್ತಲೇ ಇರಲಿಲ್ಲ. ಬಿಸಿನೀರು ಎಂದು ನಾನು ನೆನಪಿಸಿದ್ದಕ್ಕೆ ಬಿಸಿನೀರೂ ಬರೆದರು. ಸಹಿ ಹಾಕಿದರು, ಮೊಹರು ಒತ್ತಿದರು. ನಾನು ಸೋಪಿನ ಕಡೆ ಕೈ ಚಾಚಿದೆ.

"ಅದು ಇಲ್ಲೇ ಇರಲಿ," ಅಂದರು ಅಧಿಕಾರಿ. "ಇನ್ನು ಮುಂದೆ ಇದೇ ನಮೂನೆ. ಸೀಲ್ ಮಾಡಿ ಫೈಲಿಗೆ ಸೇರಿಸಿ."

ಗುಮಾಸ್ತ ಅದನ್ನು ಒರೆಸಿ, ಲಕೋಟೆಗೆ ಹಾಕಿ, ಐದು ಕಡೆ ಕೆಂಪು ಅರಗು ಒತ್ತಿದ. ಅಷ್ಟು ಭಕ್ತಿಯಿಂದ ಸರ್ಕಾರಿ ಕೆಲಸ ಮಾಡಿದವರನ್ನು ನಾನು ಕಂಡಿಲ್ಲ. ನನ್ನದು ಎನ್ನುವಂತಿರಲಿಲ್ಲ. ಅಂದಿದ್ದರೆ ಆ ಕಾಗದ ಹರಿದುಹೋಗುತ್ತಿತ್ತು.

ಹೊರಗೆ ಬಂದ ಮೇಲೆ ಸೇಡಮ್ಮಿನವನು ಕುಂಟುತ್ತ ಕೇಳಿದ.

"ಅಣ್ಣಾರೀ, ಅದು ನಮ್ಮ ಸೋಪ್ ಅಲ್ಲಲ್ರಿ?"

"ಇನ್ನೊಂದು ಸಲ ಅಂದ್ರ ಇನ್ನೊಂದು ಕಾಲೂ ತುಳೀತೀನಿ ನೋಡು."

೬. ನಮೂನೆ

ಮ್ಯಾನೇಜರು ಮರುದಿನ ಮೊದಲ ಸಲ ನಲ್ಲಿಯ ಹತ್ತಿರ ಹೋದರಂತೆ. ಇಟ್ಟಂಗಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತಿದ್ದರು ಎಂದು ಹುಡುಗರು ಹೇಳಿದರು. ಆದರೆ ತಮ್ಮ ಸೋಪನ್ನು ತಾವೇ ನೋಡಿರಲಿಲ್ಲ ಎಂದು ಯಾರ ಮುಂದೆ ಹೇಳುತ್ತಾರೆ? ಹದಿನೈದು ದಿನದಲ್ಲಿ ಹೊಸ ಸೋಪು ಬಂತು. ಲಾವಂಚವಲ್ಲ, ಮೈಗೆ ಹಚ್ಚುವ ಸಾದಾ ಬಿಳಿ ಸೋಪು. ನೊರೆ ಮಾತ್ರ ಚೆನ್ನಾಗಿ ಬರುತ್ತಿತ್ತು. ಬಿಸಿನೀರಿನ ನಲ್ಲಿಯೂ ಬಂತು.

ಮಾತಿನಂತೆ ಅದೇ ಸೋಪು ಹಚ್ಚಿ ಗೇಟಿನ ಮುಂದೆ ಸ್ಟೂಲಿನ ಮೇಲೆ ಕೂತು ಗಡ್ಡ ತೆಗೆದೆ. ನಲವತ್ತು ಜನ ಸುತ್ತ ನಿಂತು ನೋಡಿದರು, ಸಲಹೆ ಕೊಟ್ಟರು. ಮೈ ತೊಳೆಯುವ ಸೋಪು ಎಂಟು ತಿಂಗಳ ಗಡ್ಡಕ್ಕೆ ಏನು ಮಾಡೀತು? ಮೂರು ಕಡೆ ಕೊಯ್ದುಕೊಂಡೆ. ಗದ್ದಕ್ಕೆ ಹತ್ತಿ ಒತ್ತಿಕೊಂಡು ಕೂತಿದ್ದಾಗ ಸೇಡಮ್ಮಿನವನು ಬಂದು ತನ್ನ ತೋರುಬೆರಳು ಮುಂದೆ ಹಿಡಿದ. ಅದರ ಮೇಲೆ ಸಣ್ಣ ಹಲ್ಲಿನ ಗುರುತು ಇತ್ತು.

"ನಿನ್ನೆ ನನ್ನ ಕೈಯಿಂದ ಉಂಡ್ಲ್ರಿ. ಸಿಹಿ ಐತಿ ಅಂತ ಬೆರಳೂ ಕಚ್ಚಿದ್ಲು."

ಇನ್ನೊಂದು ವಾರಕ್ಕೆ, ಹೊಸ ಸೋಪು ನಮೂನೆಗೆ ಸಮನಾಗಿದೆಯೇ ಎಂದು ನೋಡಲು ಅಧಿಕಾರಿ ಎರಡೂ ಕಡೆಯವರನ್ನು ಕರೆದರು. ನಾನು ಮೂರು ಪಟ್ಟಿ ಹಚ್ಚಿದ ಗದ್ದದೊಂದಿಗೆ ಹೋದೆ. ಮ್ಯಾನೇಜರು ನನ್ನ ಕಣ್ಣು ತಪ್ಪಿಸಿ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದರು. ಗುಮಾಸ್ತ ಲಕೋಟೆ ತಂದಿಟ್ಟ. ಐದು ಅರಗಿನ ಮುದ್ರೆಗಳೂ ಹಾಗೇ ಇದ್ದವು. ಅಧಿಕಾರಿ ಒಡೆದು ಮೇಜಿನ ಮೇಲೆ ಕೊಡವಿದರು. ವೀಳ್ಯದೆಲೆಯಷ್ಟು ತೆಳ್ಳನೆಯ ಒಂದು ಚೂರು ಹೊರಗೆ ಬಿತ್ತು.

"ಏನಿದು?"

"ಬೇಸಿಗೆ ಸರ್," ಅಂದ ಗುಮಾಸ್ತ. "ಕರಗಿದೆ."

ಅಧಿಕಾರಿ ಲಕೋಟೆ ತಿರುಗಿಸಿದರು. ಅದರ ತಳವನ್ನು ಯಾರೋ ನೀಟಾಗಿ ಕೊಯ್ದು, ಮತ್ತೆ ನೀಟಾಗಿ ಅಂಟಿಸಿದ್ದರು. ನಾನು ಗುಮಾಸ್ತನ ಮುಖ ನೋಡಿದೆ. ನಾಲ್ಕು ದಿನದ ನರೆತ ಗಡ್ಡ ಎಲ್ಲಿಯೂ ಇರಲಿಲ್ಲ. ಕೆನ್ನೆ ಮದುವೆ ಗಂಡಿನ ಕೆನ್ನೆಯಂತೆ ನುಣ್ಣಗಿತ್ತು. ಫ್ಯಾನು ತಿರುಗಿದಂತೆಲ್ಲ ಅವನ ಕಡೆಯಿಂದ ಲಾವಂಚದ ಗಾಳಿ ಬೀಸುತ್ತಿತ್ತು.

ಸೋಪು ನನ್ನದು ಎಂದು ನಾನು ಬಾಯಿಬಿಡುವಂತಿರಲಿಲ್ಲ. ಅದು ತಮ್ಮದಲ್ಲ ಎಂದು ಮ್ಯಾನೇಜರು ಬಾಯಿಬಿಡುವಂತಿರಲಿಲ್ಲ. ಸೋಪು ಎಲ್ಲಿ ಹೋಯಿತು ಎಂದು ಗುಮಾಸ್ತ ಬಾಯಿಬಿಡುವಂತಿರಲಿಲ್ಲ. ಆ ಕಚೇರಿಯಲ್ಲಿ ಅಷ್ಟು ಸುಸೂತ್ರವಾಗಿ ಯಾವ ವಿಚಾರಣೆಯೂ ನಡೆದಿರಲಾರದು. ಹೊಸ ಸೋಪಿನ ನೊರೆ ನೋಡಿ, ಸರಿಯಿದೆ ಎಂದು ಬರೆದು, ಅಧಿಕಾರಿ ಫೈಲು ಮುಚ್ಚಿದರು.

ಮೆಟ್ಟಿಲು ಇಳಿಯುತ್ತಿದ್ದಾಗ ಗುಮಾಸ್ತ ಹಿಂದಿನಿಂದ ಓಡಿ ಬಂದ. ನನ್ನ ಗದ್ದದ ಮೂರು ಪಟ್ಟಿಗಳನ್ನು ಒಂದೊಂದಾಗಿ ನೋಡಿ, ಕನಿಕರದಿಂದ ನನ್ನ ಹೆಗಲ ಮೇಲೆ ಕೈಯಿಟ್ಟ.

"ಲೀಡರ್ ಸಾಹೇಬ್ರ, ಈಗಿನ ಸೋಪ್ ಹಚ್ಚಬ್ಯಾಡ್ರಿ, ಅದರಾಗ ಏನೂ ಇಲ್ಲ. ಹಳೇವು ಎಲ್ಲಿಯಾದ್ರೂ ಸಿಗ್ತಾವ, ಹುಡುಕ್ರಿ. ಒಮ್ಮೆ ಹಚ್ಚಿದ್ರ ನಿಮಗೂ ಹುಚ್ಚು ಹಿಡೀತದ."